ಉಬ್ಬು ಕಸೂತಿಗೆ ಕಾಗದ, ನಮ್ಮ ಕಸೂತಿಗೆ ಎಣಿಕೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ಮಾರ್ಥಾ ಎಡ್ಲಿನ್ ಎಂಬ ಹುಡುಗಿಯ ಕೈಕೆಲಸ ಇದೆ. ಹುಟ್ಟಿದ್ದು 1660ರಲ್ಲಿ. 1668ರಲ್ಲಿ, ಎಂಟನೇ ವಯಸ್ಸಿಗೆ, ಹೊಲಿಗೆಗಳನ್ನೆಲ್ಲ ಸಾಲುಸಾಲಾಗಿ ಕಲಿತ ಬಟ್ಟೆ ಮುಗಿಸಿದ್ದಳು. 1671ರಲ್ಲಿ ಮೈತುಂಬ ಕಸೂತಿ ಇರುವ ಪೆಟ್ಟಿಗೆ. ಅದೇ ಕಾಲದ ಇಂಗ್ಲೆಂಡಿನಲ್ಲಿ ಉಬ್ಬು ಕಸೂತಿಯೂ, ಅಂದರೆ ಒಳಗೆ ತುಂಬಿ, ತಂತಿ ಕೂರಿಸಿ ಚಿತ್ರವನ್ನು ಬಟ್ಟೆಯಿಂದ ಮೇಲೆಬ್ಬಿಸುವ ಕೆಲಸವೂ, ಬೆಳೆದಿತ್ತು. ಇದಕ್ಕೆ ಸ್ಟಂಪ್‌ವರ್ಕ್ ಎಂಬ ಹೆಸರು ಬಂದದ್ದು ಮಾತ್ರ 19ನೇ ಶತಮಾನದಲ್ಲಿ.

ನಾನು ಧಾರವಾಡದ ಕಡೆಯ ಮನೆಯಲ್ಲಿ ಬೆಳೆದೆ. ಕಸೂತಿ ಅಂದ್ರೆ ನನಗೆ ಗಂಟಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ. ಅವ್ವ ಬಟ್ಟೆಯ ಮೇಲೆ ಪೆನ್ಸಿಲ್ ಆಡಿಸಿದ್ದನ್ನು ನಾನು ನೋಡಿಲ್ಲ. "ಎಳಿ ಎಣಸು, ಕೈ ತಾನ ಹೋಗ್ತದ" ಅಂತಿದ್ದಳು. ಗಂಟಿಯಲ್ಲಿ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಬರುವಾಗ ಆ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಒಂದೇ ಥರ ಕಾಣಬೇಕು.

ಈಗ ನಾನೊಂದು ಉಬ್ಬು ಕೆಲಸ ಯೋಚಿಸುತ್ತಿದ್ದೇನೆ. ಬಿಳಿ ಸ್ಯಾಟಿನ್ ರೇಷ್ಮೆಯ ಮೇಲೆ ಬಿರಿದ ಒಂದು ಬಟಾಣಿ ಕಾಯಿ, ಎರಡು ಎಲೆ, ಒಂದು ಕಂಬಳಿಹುಳು. ಹಳೆಯ ಕೆಲಸಗಳಲ್ಲಿ ಇವೆಲ್ಲ ಇವೆ. ಮೊದಲ ಪ್ರಯತ್ನದಲ್ಲಿ ನಮ್ಮ ರೂಢಿಯಂತೆ ನೇರ ಸೂಜಿ ಹಿಡಿದೆ. ಕಾಯಿಯನ್ನೇ ಮೊದಲು ಎಬ್ಬಿಸಿಬಿಟ್ಟೆ. ಆಮೇಲೆ ಬಳ್ಳಿ ಹೊಲಿಯಲು ಹೋದರೆ ಪ್ರತಿ ಸಲವೂ ದಾರ ಕಾಯಿಗೆ ಸಿಕ್ಕಿಕೊಂಡಿತು. ಎಲ್ಲ ಬಿಚ್ಚಿದೆ.

ಆವಾಗ ಗೊತ್ತಾಯಿತು, ಇಲ್ಲಿ ಕಾಗದ ಯಾಕೆ ಬೇಕು ಅಂತ. ಹಿಂದೆ ಇರುವುದು ಯಾವುದು, ಮುಂದೆ ನಿಲ್ಲುವುದು ಯಾವುದು ಎಂದು ಮೊದಲೇ ಬರೆದುಕೊಳ್ಳಬೇಕು. ಚಪ್ಪಟೆ ಬಳ್ಳಿ ಮೊದಲು. ಆಮೇಲೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಬಿದ ಭಾಗ. ಅದರಲ್ಲಿ ಚಿಕ್ಕ ತುಂಡು ಕೆಳಗೆ, ದೊಡ್ಡದು ಮೇಲೆ ಬಂದರೆ ಉಬ್ಬು ನಯವಾಗಿ ಇಳಿಯುತ್ತದೆ. ಎಲೆಗಳದ್ದು ಬೇರೆಯೇ ಕೆಲಸ. ಇನ್ನೊಂದು ಬಟ್ಟೆಯ ಮೇಲೆ ಸಣ್ಣ ತಂತಿ ಕೂರಿಸಿ, ಅಂಚಿಗೆ ಒತ್ತಾಗಿ ಕಾಜಾ ಹೊಲಿಗೆ ಹಾಕಿ, ಕತ್ತರಿಸಿ ತೆಗೆದು, ತಂತಿಯ ತುದಿಯನ್ನು ಸ್ಯಾಟಿನ್‌ನೊಳಗೆ ತೂರಿಸಿ ಹಿಂದೆ ಬಿಗಿಯಬೇಕು. ಎಲ್ಲಕ್ಕಿಂತ ಎತ್ತರದ್ದು ಎಲ್ಲಕ್ಕಿಂತ ಕೊನೆಗೆ.

ಹಾಗಂತ ಅವ್ವನದು ಯೋಜನೆಯಿಲ್ಲದ ಕೆಲಸ ಅಂತ ನಾನು ಒಪ್ಪುವುದಿಲ್ಲ. ದಾರ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ವಾಪಸ್ ಬರಬೇಕು ಎಂಬುದು ಸೂಜಿ ಚುಚ್ಚುವ ಮೊದಲೇ ಅವಳ ತಲೆಯಲ್ಲಿ ಇರುತ್ತಿತ್ತು. ಅವಳು ದಾರಿಯನ್ನು ಲೆಕ್ಕ ಹಾಕುತ್ತಿದ್ದಳು, ಉಬ್ಬು ಕಸೂತಿಯವರು ಎತ್ತರವನ್ನು ಲೆಕ್ಕ ಹಾಕುತ್ತಾರೆ. ಅಷ್ಟೇ ವ್ಯತ್ಯಾಸ. ಗಂಟಿಯಂಥದ್ದೇ ಹೋಗಿ ಬರುವ ಹೊಲಿಗೆ ಆ ಕಾಲದ ಇಂಗ್ಲಿಷ್ ಹುಡುಗಿಯರ ಕಲಿಕೆಯ ಬಟ್ಟೆಗಳಲ್ಲೂ ಇದೆ. ಅದನ್ನು ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

"ಹಾಗಾದ್ರೆ ನಿಮ್ಮ ಗೋಪುರಕ್ಕೇ ಒಳಗೆ ಉಣ್ಣೆ ತುಂಬಿ ಎಬ್ಬಿಸಬಹುದಲ್ವಾ?" ಎಂದು ಗೆಳತಿಯೊಬ್ಬಳು ಕೇಳಿದಳು. ಪ್ರೀತಿಯಿಂದಲೇ ಕೇಳಿದ್ದು. ಆದರೆ ನನಗೆ ಬೇಡ. ಸ್ಯಾಟಿನ್‌ನಲ್ಲಿ ಎಳೆ ಎಣಿಸಲು ಆಗುವುದಿಲ್ಲ. ಬೇರೆ ಬಟ್ಟೆಯಲ್ಲಿ ಹೊಲಿದು ತಂದು ಅಂಟಿಸಿದರೆ ಹಿಂಬದಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಕಸೂತಿಯ ಅರ್ಧ ಜೀವ ಆ ಹಿಂಬದಿಯಲ್ಲಿದೆ. ಹಬ್ಬಕ್ಕೆ ಬಂದ ಹೆಂಗಸರು ಅವ್ವನ ಸೆರಗನ್ನು ಮೊದಲು ತಿರುಗಿಸಿಯೇ ನೋಡುತ್ತಿದ್ದರು. ಸುಮ್ನೆ ಎರಡನ್ನೂ ಬೆರೆಸಿದರೆ ಅದು ಹೋಗುತ್ತದೆ, ಬದಲಿಗೆ ಸಿಗುವುದು ಜಾಸ್ತಿ ಏನೂ ಇಲ್ಲ.

ಹಾಗಾಗಿ ಈ ಕೆಲಸ ಪೂರ್ತಿ ಉಬ್ಬು ಕಸೂತಿಯ ರೀತಿಯಲ್ಲೇ ನಡೆಯಲಿ. ಕಾಗದದ ಮೇಲೆ ಬಳ್ಳಿಗೆ 1, ಕಾಯಿಗೆ 2, ಎಲೆಗಳಿಗೆ 3 ಎಂದು ಬರೆದಿದ್ದೇನೆ. ಕಾಳುಗಳಿಗೆ ಹಸಿರು ದಾರ ಸುತ್ತಿದ ಮಣಿ. ಹಳೆಯ ಕೆಲಸಗಳಲ್ಲಿ ಅಳತೆಯ ಹಂಗೇ ಇಲ್ಲ, ಹುಳು ಸಿಂಹದಷ್ಟು ದೊಡ್ಡದು. ನನ್ನ ಹುಳುವೂ ಕಾಯಿಗಿಂತ ಒಂದು ಬೆರಳು ಉದ್ದ ಇರುತ್ತದೆ.