ಹೆಗಲಿಲ್ಲದ ಊರಿನ ಗಾಡಿ

ಆರು ವರ್ಷದ ಮಗುವನ್ನು ಸ್ಟ್ರೋಲರ್ ಎಂಬ ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರೆ ನಮ್ಮ ಕೊಪ್ಪಳದಲ್ಲಿ ಜನ ಮೊದಲು ಕೇಳುವುದು ‘ಕಾಲಿಗೆ ಏನಾಗಿದೆ?’ ಎಂದು. ಏನೂ ಆಗಿಲ್ಲ ಎಂದರೆ ಎರಡನೆಯ ಪ್ರಶ್ನೆ ಬರುವುದಿಲ್ಲ, ಒಂದು ನೋಟ ಬರುತ್ತದೆ. ಅಮೆರಿಕದ ಬಗ್ಗೆ, ನಮ್ಮ ಸಂಬಳದ ಬಗ್ಗೆ, ಮನೆಯ ಸೊಸೆಯ ಬಗ್ಗೆ ಕೊಡಬೇಕಾದ ತೀರ್ಪೆಲ್ಲ ಆ ಒಂದು ನೋಟದಲ್ಲೇ ಮುಗಿದಿರುತ್ತದೆ.

ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಡಿಸ್ನಿ ವರ್ಲ್ಡ್ ಎಂಬ ದೊಡ್ಡ ಮನರಂಜನಾ ತಾಣವಿರುವ ಒರ್ಲ್ಯಾಂಡೊ ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಹಾಗಾಗಿ ಊರಿನಿಂದ ಬಂದವರಿಗೂ, ಇಲ್ಲಿನ ಬೇರೆ ರಾಜ್ಯಗಳಲ್ಲಿರುವ ನಮ್ಮ ಕಡೆಯವರಿಗೂ ನಮ್ಮ ಮನೆಯೇ ತಂಗುದಾಣ. ಅವರಿಗೆಲ್ಲ ಡಿಸ್ನಿ ವರ್ಲ್ಡ್ ತೋರಿಸುವುದು ನನ್ನ ಪಾಲಿಗೆ ಬಂದ ಸೇವೆ. ಐದು, ಆರು, ಏಳು ವರ್ಷದ ಮಕ್ಕಳು ಸ್ಟ್ರೋಲರ್‌ನಲ್ಲಿ ಕಾಲು ಇಳಿಬಿಟ್ಟುಕೊಂಡು ಸವಾರಿ ಹೊರಟಿರುವುದು ಅಲ್ಲಿ ತೀರಾ ಸಾಮಾನ್ಯ. ಊರಿನವರು ಅದನ್ನು ಕಂಡು ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. ಅಮೆರಿಕನ್ನರಲ್ಲೂ ನಗುವವರಿದ್ದಾರೆ, ಈ ವಿಷಯದಲ್ಲಿ ಇಲ್ಲಿನ ತಂದೆತಾಯಿಗಳು ಎರಡು ಬಣಗಳಾಗಿ ಜಗಳವಾಡುವುದನ್ನು ನೋಡಿದ್ದೇನೆ. ನಾನು ಗಾಡಿಯ ಬಣದವನು. ಆದರೆ ಕಣ್ಣು ಮುಚ್ಚಿ ಅಲ್ಲ.

ನಮ್ಮ ದೊಡ್ಡಪ್ಪನ ಮಗನ ವಾದ ಸರಳವಾದದ್ದು. ‘ತಮ್ಮಾ, ನಾವೆಲ್ಲ ಗವಿಮಠದ ಜಾತ್ರೆಯನ್ನು ಬರಿಗಾಲಿನಲ್ಲಿ ಸುತ್ತಿಲ್ಲವೇ?’ ಎನ್ನುತ್ತಾನೆ. ಸುತ್ತಿದ್ದೇವೆ ಅಣ್ಣಾ. ಎಷ್ಟು ದೂರ ಕಾಲ ಮೇಲೆ, ಎಷ್ಟು ದೂರ ಯಾರ ಯಾರ ಮೇಲೆ ಸುತ್ತಿದ್ದೇವೆ ಎಂಬ ಲೆಕ್ಕವನ್ನೂ ಹಾಕಬೇಕಲ್ಲ.

ಗವಿಸಿದ್ಧೇಶ್ವರನ ತೇರಿನ ದಿನ ಮೈದಾನದಲ್ಲಿ ಲಕ್ಷಾಂತರ ಜನ. ಆ ಜನರ ತಲೆಗಳ ಮೇಲೆ ಇನ್ನೊಂದು ಸಾಲು ತಲೆಗಳು ಕಾಣುತ್ತವೆ, ಅವು ಮಕ್ಕಳವು. ಮಗು ಅಪ್ಪನ ಹೆಗಲಿನಿಂದ ಕಾಕಾನ ಹೆಗಲಿಗೆ, ಅಲ್ಲಿಂದ ಸೋದರಮಾವನ ಹೆಗಲಿಗೆ ದಾಟುತ್ತದೆ. ತೇರಿಗೆ ಉತ್ತತ್ತಿ ಎಸೆಯುವುದೂ ಅಲ್ಲಿಂದಲೇ. ಬೇಸರವಾದರೆ ಬಳೆ ಅಂಗಡಿಯ ಹಿಂದಿನ ತಾಡಪಾಲಿನ ನೆರಳಿನಲ್ಲಿ ಗುರುತಿನವರ ಪಕ್ಕ ಕೂರಿಸಿ ಬರುತ್ತಾರೆ. ಮಹಾದಾಸೋಹದ ಪಂಕ್ತಿಯಲ್ಲಿ ಊರೂರಿನ ಹೆಂಗಸರು ಬಡಿದು ಕಳಿಸಿದ ಜೋಳದ ರೊಟ್ಟಿ ತಿನ್ನುತ್ತ ತಿನ್ನುತ್ತಲೇ ಮಗು ಯಾವುದೋ ಹಳ್ಳಿಯ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗುತ್ತದೆ. ಅಜ್ಜಿ ಅದರ ಮುಖದ ಮೇಲೆ ಸೆರಗು ಎಳೆಯುತ್ತಾಳೆ. ಆಮೇಲೆ ಊರೊಳಗೆ ಯಾರದಾದರೂ ಮನೆ ಇದ್ದೇ ಇರುತ್ತದೆ. ಮಧ್ಯಾಹ್ನ ಮಲಗಿಸಿ ಸಂಜೆ ಮತ್ತೆ ಬರಬಹುದು, ಬೇಡವೆನಿಸಿದರೆ ನಾಳೆ ಬರಬಹುದು. ಟಿಕೆಟ್ ಇಲ್ಲವಾದ್ದರಿಂದ ಯಾರಿಗೂ ಏನೂ ನಷ್ಟವಿಲ್ಲ. ಇಪ್ಪತ್ತು ಕಿಲೋದ ಮಗುವಿನ ಭಾರ ಹತ್ತು ಜನರ ನಡುವೆ ಹಂಚಿಹೋಗಿರುವುದರಿಂದ ಅದು ಭಾರವೆಂದು ಯಾರಿಗೂ ಅನಿಸಿಯೇ ಇರುವುದಿಲ್ಲ. ನಮ್ಮ ಮಕ್ಕಳು ಗಟ್ಟಿಗರು ಎಂಬ ಹೆಮ್ಮೆಯ ಅರ್ಧ ಪಾಲು ಆ ಹತ್ತು ಹೆಗಲುಗಳಿಗೆ ಸಲ್ಲಬೇಕು.

ಈಗ ಒರ್ಲ್ಯಾಂಡೊ ಲೆಕ್ಕ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಷ್ಟೇ ಕುಟುಂಬ. 1971ರ ಅಕ್ಟೋಬರ್‌ನಲ್ಲಿ ಮ್ಯಾಜಿಕ್ ಕಿಂಗ್ಡಮ್‌ನೊಂದಿಗೆ ಶುರುವಾದ ಡಿಸ್ನಿ ವರ್ಲ್ಡ್ ಇಂದು ನಾಲ್ಕು ಪಾರ್ಕುಗಳ ದೊಡ್ಡ ಸಂಸ್ಥಾನ. ಅದರ ಒಟ್ಟು ಜಾಗ ಸುಮಾರು ನೂರು ಚದರ ಕಿಲೋಮೀಟರ್. ಬೆಳಿಗ್ಗೆ ಬಾಗಿಲು ತೆರೆಯುವಾಗ ಒಳಹೊಕ್ಕು ರಾತ್ರಿ ಪಟಾಕಿ ಮುಗಿಸಿ ಹೊರಬರುವವರು ಹನ್ನೆರಡು, ಹದಿನೈದು ಕಿಲೋಮೀಟರ್ ನಡೆಯುವುದು ಅಲ್ಲಿ ವಿಶೇಷವೇ ಅಲ್ಲ. ಕೊಪ್ಪಳದಿಂದ ಗಿಣಿಗೇರಿಗೆ ನಡೆದುಕೊಂಡು ಹೋದದ್ದಕ್ಕಿಂತ ಹೆಚ್ಚು. ದೊಡ್ಡವರ ಒಂದು ಹೆಜ್ಜೆಗೆ ಮಗು ಎರಡು ಹೆಜ್ಜೆ ಹಾಕಬೇಕು ಎಂಬುದನ್ನೂ ಸೇರಿಸಿಕೊಳ್ಳಿ.

ಅಷ್ಟು ಹೊತ್ತು ಯಾಕಿರಬೇಕು, ಮಧ್ಯಾಹ್ನ ಎದ್ದು ಬರಬಾರದೇ ಎಂದು ಕೇಳುವವರು ಟಿಕೆಟ್ ದರ ನೋಡಿಲ್ಲ. ಜನ ಹೆಚ್ಚಿರುವ ದಿನಗಳಲ್ಲಿ ಮ್ಯಾಜಿಕ್ ಕಿಂಗ್ಡಮ್‌ನ ಒಂದು ದಿನದ ಟಿಕೆಟ್ ತಲೆಗೆ 150 ಡಾಲರ್ ದಾಟುತ್ತದೆ. ಹತ್ತು ತುಂಬಿದ ಮಗುವಿಗೆ ದೊಡ್ಡವರ ದರ. ಮೂರರಿಂದ ಒಂಬತ್ತರವರೆಗಿನವರಿಗೆ ಕೊಡುವ ರಿಯಾಯಿತಿ ನಾಚಿಕೆಯಾಗುವಷ್ಟು ಚಿಕ್ಕದು. ಮೂರು ವರ್ಷದೊಳಗಿನವರಿಗೆ ಮಾತ್ರ ಉಚಿತ. (ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಕಂಡೊಡನೆ ಮಗುವಿನ ವಯಸ್ಸು ಇಳಿಸುವ ಅವ್ವಂದಿರನ್ನು ಕಂಡು ನಗಬೇಡಿ. ಆ ಗೇಟಿನ ಮುಂದೆ ಎಷ್ಟೋ ದೇಶಗಳ ಮಕ್ಕಳು ಹಲವು ತಿಂಗಳಿನಿಂದ ಎರಡು ವರ್ಷದವರಾಗಿಯೇ ಉಳಿದಿದ್ದಾರೆ.) ಇಷ್ಟು ದುಡ್ಡು ಸುರಿದ ಮೇಲೆ ನಾಲ್ಕು ಗಂಟೆಗೆ ಎದ್ದು ಬರುವ ಎದೆಗಾರಿಕೆ ಯಾರಿಗಿದೆ? ಎಂಟಕ್ಕೆ ಮಲಗುವ ಮಗು ರಾತ್ರಿ ಹತ್ತರವರೆಗೆ ಎಚ್ಚರವಿರಬೇಕಾಗುತ್ತದೆ. ದಣಿವಿಗೆ ಕಾರಣ ಅದರ ಕಾಲಲ್ಲ, ಅಪ್ಪನ ಕ್ರೆಡಿಟ್ ಕಾರ್ಡು.

ಬಿಸಿಲಿನ ಮಾತು ಬಂದರೆ ರಾಯಚೂರಿನ ನೆಂಟರು ಎದೆಯುಬ್ಬಿಸುತ್ತಾರೆ. ನಲವತ್ತು ಡಿಗ್ರಿ ಕಂಡವರಿಗೆ ಫ್ಲೋರಿಡಾದ ಮೂವತ್ತಮೂರು ಯಾವ ಲೆಕ್ಕ? ಹನ್ನೊಂದು ಗಂಟೆಯ ಹೊತ್ತಿಗೆ ಅವರೇ ನೆರಳು ಹುಡುಕುತ್ತಿರುತ್ತಾರೆ. ನಮ್ಮದು ಒಣ ಬಿಸಿಲು, ಬೆವರು ಬಂದದ್ದೇ ಆರಿ ಮೈ ತಣಿಸುತ್ತದೆ. ಇಲ್ಲಿನ ಗಾಳಿಯಲ್ಲಿ ನೀರೇ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ದೊಡ್ಡವರೇ ಹಣ್ಣಾಗುವ ಸೆಕೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಸೇರಿಕೊಳ್ಳುತ್ತದೆ.

ಅಂಜನಾದ್ರಿಯ ವಾದ ಇದಕ್ಕಿಂತ ಗಟ್ಟಿಯಾದದ್ದು, ಒಪ್ಪುತ್ತೇನೆ. ಆನೆಗುಂದಿ ಹತ್ತಿರದ ಆ ಬೆಟ್ಟಕ್ಕೆ 575 ಮೆಟ್ಟಿಲು. ದೊಡ್ಡವರು ಸೊಂಟ ಹಿಡಿದುಕೊಂಡು ಏದುಸಿರು ಬಿಡುವಾಗ ಆರು ವರ್ಷದ ಮಕ್ಕಳು ಕೋತಿಗಳ ಜೊತೆ ಪೈಪೋಟಿಗೆ ಬಿದ್ದವರಂತೆ ಏರಿಬಿಡುತ್ತವೆ. ಅಂಥ ಮಕ್ಕಳಿಗೆ ಗಾಡಿ ಯಾಕೆ? ಯಾಕೆಂದರೆ ಏರುವ ಕೆಲಸಕ್ಕೆ ಒಂದು ಗುರಿ ಇದೆ, ಬೇಗ ಮುಗಿಯುತ್ತದೆ, ಇಳಿದರೆ ಕಬ್ಬಿನ ಹಾಲು ಸಿಗುತ್ತದೆ. ಪಾರ್ಕಿನಲ್ಲಿ ಮಗುವನ್ನು ಕೊಲ್ಲುವುದು ನಡಿಗೆಗಿಂತ ಹೆಚ್ಚಾಗಿ ನಿಲ್ಲುವುದು. ಎರಡು ಮೂರು ನಿಮಿಷದ ಸವಾರಿಗೆ ಒಂದು ಗಂಟೆಯ ಸಾಲು, ನಾಲ್ಕು ಹೆಜ್ಜೆ ಮುಂದೆ, ಮತ್ತೆ ನಿಲುಗಡೆ. ಹೆಚ್ಚಿನ ಸಾಲುಗಳೊಳಗೆ ಸ್ಟ್ರೋಲರ್ ಬಿಡುವುದಿಲ್ಲ, ಹೊರಗಿನ ಗಾಡಿ ನಿಲ್ದಾಣದಲ್ಲಿ ಇಟ್ಟು ಹೋಗಬೇಕು. ಅಂದರೆ ‘ಗಾಡಿಯಲ್ಲೇ ಕುಳಿತು ಬೆಳೆಯುವ’ ಈ ಮಗು ಅಸಲಿಗೆ ಗಂಟೆಗಟ್ಟಲೆ ನಿಂತು ಬಂದಿರುತ್ತದೆ. ಒಂದು ಆಟದಿಂದ ಇನ್ನೊಂದಕ್ಕೆ ಹೋಗುವ ಹಾದಿಯಲ್ಲಷ್ಟೇ ಅದು ಕೂರುವುದು. ನಗುವವರ ಕಣ್ಣಿಗೆ ಬೀಳುವುದು ಆ ಹಾದಿ ಮಾತ್ರ.

ಆ ಗಾಡಿ ನಿಲ್ದಾಣವೂ ನೋಡುವಂಥದ್ದೇ. ನೂರಾರು ಗಾಡಿಗಳು ಸಾಲಾಗಿ ನಿಂತಿರುತ್ತವೆ, ಬಾಡಿಗೆಯವೆಲ್ಲ ಒಂದೇ ರೂಪ. ಸಿಬ್ಬಂದಿ ಸಾಲು ಸರಿಪಡಿಸುವಾಗ ನಿಮ್ಮದು ಇಟ್ಟ ಜಾಗದಲ್ಲೇ ಇರುತ್ತದೆಂಬ ಭರವಸೆಯೂ ಇಲ್ಲ. ನಮ್ಮ ಮನೆಯಾಕೆ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ಹಿಡಿಕೆಗೆ ಕಟ್ಟುತ್ತಾಳೆ. ಆ ಕೆಂಪು ಎಷ್ಟು ದೂರದಿಂದಲೂ ಕಾಣುತ್ತದೆ.

ಗಾಡಿಯ ಬಣದಲ್ಲಿದ್ದರೂ ನನ್ನ ತಕರಾರುಗಳಿವೆ. ಮೊದಲನೆಯದು ಗಾತ್ರ. ಛತ್ರಿಯಂತೆ ಮಡಚುವ ಹಗುರ ಗಾಡಿಯನ್ನು 1965ರಲ್ಲಿ ರೂಪಿಸಿದ ಓವೆನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಜೋಡಣೆಯಲ್ಲಿ ಕೆಲಸ ಮಾಡಿದ್ದವರು. ಮೊಮ್ಮಗುವಿನ ಭಾರದ ಗಾಡಿಯನ್ನು ಕಂಡು ಅಜ್ಜನೊಬ್ಬ ಅಷ್ಟು ಹಗುರವಾದದ್ದನ್ನು ಮಾಡಿಕೊಟ್ಟರೆ, ನಂತರದವರು ಅದನ್ನು ಬೆಳೆಸಿ ಬೆಳೆಸಿ ಟಂಟಂ ಮಟ್ಟಕ್ಕೆ ತಂದರು. ಕೊನೆಗೆ ಡಿಸ್ನಿಯವರೇ 2019ರ ಮೇ 1ರಿಂದ 31 ಇಂಚು ಅಗಲ, 52 ಇಂಚು ಉದ್ದಕ್ಕಿಂತ ದೊಡ್ಡ ಗಾಡಿಗಳನ್ನು ನಿಷೇಧಿಸಬೇಕಾಯಿತು. ಎಳೆಯುವ ವ್ಯಾಗನ್‌ಗಳನ್ನು ಪೂರ್ತಿ ಬಂದ್ ಮಾಡಿದರು. ಹಾಗಿದ್ದೂ ಮೆರವಣಿಗೆ ಮುಗಿದ ಕೂಡಲೇ ಜನ ನುಗ್ಗುವ ಹೊತ್ತಿನಲ್ಲಿ ಹಿಮ್ಮಡಿಗೆ ಚಕ್ರ ತಾಗಿಸಿಕೊಳ್ಳದೆ ಹೊರಬರುವವರು ಪುಣ್ಯವಂತರು. ಕೆಲವು ಅಪ್ಪಂದಿರು ಗಾಡಿಯನ್ನು ದಾರಿ ಬಿಡಿಸುವ ಆಯುಧವನ್ನಾಗಿ ಬಳಸುತ್ತಾರೆ. ಅವರ ಮೇಲೆ ನನಗೆ ಯಾವ ದಯೆಯೂ ಇಲ್ಲ.

ಎರಡನೆಯದು, ಗಾಡಿಯೊಳಗಿನ ಮೊಬೈಲ್. ಅಷ್ಟು ದುಡ್ಡು ಕೊಟ್ಟು ಕರೆತಂದ ಮಗು ಕೋಟೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿ ಕಾರ್ಟೂನ್ ನೋಡುತ್ತಿರುತ್ತದೆ. ಅದರ ತಪ್ಪೆಂದೂ ಹೇಳಲಾರೆ. ಕುಳಿತ ಮಗುವಿನ ಕಣ್ಣು ದೊಡ್ಡವರ ಸೊಂಟಕ್ಕಿಂತ ಕೆಳಗಿರುತ್ತದೆ. ಜನಸಂದಣಿಯಲ್ಲಿ ಅದಕ್ಕೆ ಕಾಣುವುದು ಬೆನ್ನಚೀಲಗಳು ಮತ್ತು ಪೃಷ್ಠಗಳು. ಈ ಒಂದು ವಿಷಯದಲ್ಲಿ ಕೊಪ್ಪಳ ಒರ್ಲ್ಯಾಂಡೊವನ್ನು ಸಲೀಸಾಗಿ ಸೋಲಿಸುತ್ತದೆ. ಹೆಗಲ ಮೇಲಿನ ಮಗು ಜಾತ್ರೆಯ ಅರಸ. ತೇರಿನ ಕಳಸ ಮೊದಲು ಕಾಣುವುದು ಅದಕ್ಕೆ, ಗಾಳಿ ಮೊದಲು ತಾಗುವುದು ಅದಕ್ಕೆ. ರಾತ್ರಿ ಪಟಾಕಿಯ ಹೊತ್ತಿಗೆ ಅಮೆರಿಕದ ಅಪ್ಪಂದಿರೂ ಗಾಡಿ ಬಿಟ್ಟು ಮಗುವನ್ನು ಹೆಗಲಿಗೇರಿಸುತ್ತಾರೆ. ಆಗ ಹಿಂದಿನವರು ಕಾಣುವುದಿಲ್ಲವೆಂದು ಗೊಣಗುತ್ತಾರೆ. ಜಾತ್ರೆಯಲ್ಲಿ ಯಾರೂ ಗೊಣಗುವುದಿಲ್ಲ, ಅವರ ಹೆಗಲ ಮೇಲೂ ಒಂದು ಇರುತ್ತದೆ.

ಇಷ್ಟೆಲ್ಲ ಹಗುರವಾಗಿ ಹೇಳಬಹುದಾದದ್ದು. ಹೇಳಲೇಬೇಕಾದದ್ದು ಬೇರೆ ಇದೆ.

ಡಿಸ್ನಿಯ ಪಾರ್ಕುಗಳ ಗೆಸ್ಟ್ ರಿಲೇಷನ್ಸ್ ಕಚೇರಿಯಲ್ಲಿ ಕೇಳಿಕೊಂಡರೆ, ಅಗತ್ಯವಿರುವ ಮಗುವಿನ ಸ್ಟ್ರೋಲರ್‌ಗೆ ಒಂದು ಚೀಟಿ ಕಟ್ಟುತ್ತಾರೆ. ಆಮೇಲೆ ಆ ಗಾಡಿಯನ್ನು ಗಾಲಿಕುರ್ಚಿ ಎಂದೇ ಪರಿಗಣಿಸಿ, ಗಾಲಿಕುರ್ಚಿ ಹೋಗುವ ಸಾಲುಗಳೊಳಗೆಲ್ಲ ಬಿಡುತ್ತಾರೆ. ನೋಡಲು ಗಟ್ಟಿಮುಟ್ಟಾಗಿರುವ ಎಂಟು ವರ್ಷದ ಹುಡುಗಿಗೆ ಹೃದಯದ ತೊಂದರೆ ಇರಬಹುದು, ಸ್ನಾಯುಗಳಲ್ಲಿ ಬಲ ಕಡಿಮೆಯಿರಬಹುದು. ಆಟಿಸಂ ಇರುವ ಹುಡುಗನಿಗೆ ಆ ಗದ್ದಲದ ನಡುವೆ ಗಾಡಿಯ ಮರೆಯೊಂದೇ ನೆಮ್ಮದಿಯ ಜಾಗವಿರಬಹುದು. ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. ದೊಡ್ಡ ಮಗುವನ್ನು ಗಾಡಿಯಲ್ಲಿ ಕಂಡು ನಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಕಡೆ ಅಂಥ ಮಕ್ಕಳಿಲ್ಲವೇ? ಇದ್ದಾರೆ. ಜಾತ್ರೆಯ ದಿನ ಅವರು ಅಜ್ಜಿಯ ಜೊತೆ ಮನೆಯಲ್ಲಿರುತ್ತಾರೆ. ಚಿಕ್ಕವರಿದ್ದಾಗ ಕಂಕುಳಲ್ಲಿ, ಹೆಗಲ ಮೇಲೆ ಬಂದವರು ಏಳೆಂಟು ವರ್ಷವಾಗಿ ತೂಕ ಏರಿದ ಮೇಲೆ ಕಾಣದಾಗುತ್ತಾರೆ. ಹೆಗಲಿಗೂ ಒಂದು ಮಿತಿಯಿದೆ, ಅದರಲ್ಲೂ ತಾಯಿಯ ಹೆಗಲಿಗೆ. ಗಾಡಿ ಕೊಳ್ಳುವ ಶಕ್ತಿ ಇದ್ದವರೂ ಹೊರಗೆ ತರಲು ಹಿಂಜರಿಯುತ್ತಾರೆ, ಯಾಕೆಂದರೆ ದಾರಿಯುದ್ದಕ್ಕೂ ‘ಕಾಲಿಗೆ ಏನಾಗಿದೆ?’ ಎಂಬ ಪ್ರಶ್ನೆ ಕಾದಿರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಕರುಳಿದೆ, ಗೊತ್ತು. ಆದರೆ ಬಸ್ ನಿಲ್ದಾಣದಿಂದ ಮಠದವರೆಗೆ ಅದೇ ಉತ್ತರವನ್ನು ಎಷ್ಟು ಮಂದಿಗೆ ಒಪ್ಪಿಸಬೇಕು ಆ ತಾಯಿ? ಇಲ್ಲಿನವರು ಕೇಳುವುದಿಲ್ಲ. ಕೇಳದಿರುವುದು ಅನೇಕ ಸಲ ತಣ್ಣಗಿನ ನಿರ್ಲಕ್ಷ್ಯವೇ, ಅದನ್ನು ಸಂಸ್ಕಾರವೆಂದು ಹೊಗಳಲಾರೆ. ಆದರೂ ಅದರಿಂದ ಆ ಮಗು ಹೊರಗೆ ಬರುತ್ತದೆ.

ಹಾಗೆಂದು ಸ್ಟ್ರೋಲರ್ ಅನ್ನು ವಿಮಾನದಲ್ಲಿ ಹಾಕಿಕೊಂಡು ತೇರಿನ ದಿನ ಮೈದಾನಕ್ಕೆ ತಳ್ಳಿಕೊಂಡು ಬರಬೇಡಿ, ದಯವಿಟ್ಟು. ಹಗ್ಗ ಹಿಡಿದ ಜನ ಒಮ್ಮೆಲೇ ಸರಿಯುವ ಜಾಗದಲ್ಲಿ ನೆಲಮಟ್ಟದಲ್ಲಿ ಕುಳಿತ ಮಗು ಅಪಾಯದಲ್ಲಿರುತ್ತದೆ, ಇತರರನ್ನೂ ಬೀಳಿಸುತ್ತದೆ. ಅಂಥ ಮಕ್ಕಳಿಗೆ, ವೃದ್ಧರಿಗೆ ತೇರು ಕಾಣುವಂತೆ ಬದಿಯಲ್ಲೊಂದು ಎತ್ತರದ ಕಟ್ಟೆ, ಮೇಲೊಂದು ಚಪ್ಪರ, ಅಲ್ಲಿಯವರೆಗೆ ಗಾಲಿ ಓಡುವ ದಾರಿ ಇದ್ದರೆ ಸಾಕು. ಲಕ್ಷ ಲಕ್ಷ ಮಂದಿಗೆ ರೊಟ್ಟಿ, ಮಿರ್ಚಿ ಬಡಿಸುವ ವ್ಯವಸ್ಥೆ ಮಾಡಬಲ್ಲ ಊರಿಗೆ ಇದು ದೊಡ್ಡ ಕೆಲಸವಲ್ಲ.

ಹಂಪಿಯ ಮಾತು ಬೇರೆ. ವಿರೂಪಾಕ್ಷ ಬೀದಿಯ ಕಲ್ಲುಗಳಲ್ಲಿ, ಹೇಮಕೂಟದ ಬಂಡೆಯ ಮೇಲೆ ಸ್ಟ್ರೋಲರ್‌ನ ಪುಟ್ಟ ಚಕ್ರಗಳು ನಾಲ್ಕು ಮಾರು ಹೋಗಲಾರವು. ವಿಜಯವಿಠ್ಠಲ ದೇವಸ್ಥಾನಕ್ಕೆ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ವಾಹನವಿದೆ, ಅಲ್ಲಿ ಚಿಂತೆಯಿಲ್ಲ. ಆದರೆ ಕಮಲ ಮಹಲ್, ಆನೆ ಲಾಯದ ಆವರಣದ ಸಮತಟ್ಟು ಹಾದಿಗಳಲ್ಲಿ ದೊಡ್ಡ ಚಕ್ರದ ಗಾಡಿ ಚೆನ್ನಾಗಿಯೇ ಓಡೀತು. ಟಿಕೆಟ್ ಕೌಂಟರಿನ ಪಕ್ಕ ಅಂಥವು ಕೆಲವು ಬಾಡಿಗೆಗೆ ಸಿಗುವಂತಾದರೆ ನಾನಂತೂ ಮೊದಲ ಗಿರಾಕಿ.

ಒರ್ಲ್ಯಾಂಡೊಗೆ ಬರುವ ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟು. ಮಗುವಿನ ವಯಸ್ಸು ನೋಡಬೇಡಿ, ತೂಕ ನೋಡಿ. ಪಾರ್ಕಿನ ಒಂಟಿ ಗಾಡಿಗೆ ಮಿತಿ 50 ಪೌಂಡ್, ಅಂದರೆ ಸುಮಾರು 22.7 ಕಿಲೋ. ಆರು ವರ್ಷದ ಹೆಚ್ಚಿನ ಮಕ್ಕಳು ಅದರೊಳಗೆ ಬರುತ್ತಾರೆ. ಮಗು ಬೇಡವೆಂದರೂ ಬಾಡಿಗೆಗೆ ತೆಗೆದುಕೊಳ್ಳಿ, ಮೂರು ಗಂಟೆಯವರೆಗೆ ನೀರು, ರೇನ್‌ಕೋಟು, ಚಪಾತಿ ಡಬ್ಬಿ ಅದರಲ್ಲಿ ಸವಾರಿ ಮಾಡಲಿ. ಅದಾದ ಮೇಲೆ ಅದೇ ಮಗು ಚೀಲ ಎತ್ತಿ ಅಪ್ಪನ ಕೈಗೆ ಕೊಟ್ಟು ತಾನು ಹತ್ತಿ ಕೂರುತ್ತದೆ. ತೂಕ ಮಿತಿ ದಾಟಿದ್ದರೆ ಮಧ್ಯಾಹ್ನ ಒಂದು ಗಂಟೆಗೆ ಹೊರಬಂದು ಮಲಗಿಸಿ ಐದಕ್ಕೆ ಮರಳಿ ಹೋಗಿ. ಅದೇ ದಿನ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುತ್ತಾರೆ. ಈ ಎರಡನೆಯ ಸಲಹೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ಎಲ್ಲರಿಗೂ ಟಿಕೆಟ್ ದರ ನೆನಪಾಗುತ್ತದೆ.