ತೀರ್ಪುಗಾರರ ತೀರ್ಮಾನವೇ ಅಂತಿಮ, ಸರಿ. ಆದ್ರೆ ಅಂಕದ ಹಾಳೆ ಎಲ್ಲಿ?

ನಿನ್ನೆಯಿಂದ ತಲೆ ಬಿಸಿಯಾಗಿದೆ. ರಾತ್ರಿ ಸರಿಯಾಗಿ ನಿದ್ದೆಯೂ ಹತ್ತಲಿಲ್ಲ. ಬರೆದು ಹಾಕದೆ ಸಮಾಧಾನ ಆಗುವುದಿಲ್ಲ, ಸ್ವಲ್ಪ ಉದ್ದ ಆದರೂ ಓದಿ.

ಹಾಸನದಲ್ಲಿ ನಿನ್ನೆ ಅಂತರಶಾಲಾ ಚಿಯರ್ ಸ್ಪರ್ಧೆ ಇತ್ತು. ಚಿಯರ್ ಅಂದ್ರೆ ತಂಡವಾಗಿ ಕುಣಿಯುವುದು, ಪಲ್ಟಿ ಹೊಡೆಯುವುದು, ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುವುದು. ಎಲ್ಲಿ ನಡೆಯಿತು, ಯಾರು ನಡೆಸಿದರು ಅಂತ ಬರೆಯುವುದಿಲ್ಲ. ಒಬ್ಬರ ಮೇಲೆ ಗೂಬೆ ಕೂರಿಸಿ ಆಗಬೇಕಾದ್ದು ಏನೂ ಇಲ್ಲ, ಇದು ಎಲ್ಲ ಕಡೆ ನಡೆಯುತ್ತಿರುವುದೇ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಈಗ ಆಲೂರು ಕಡೆಯ ಶಾಲೆಯಲ್ಲಿ ಪಿ.ಟಿ. ಟೀಚರ್. "ನಮ್ಮ ಮಕ್ಕಳು ಬರ್ತಿದಾರೆ, ಬನ್ನಿ ಮೇಡಂ" ಅಂದಳು. ಹೋದೆ. ರಿಟೈರ್ ಆದ ಮೇಲೂ ಮೈದಾನ ಅಂದ್ರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ, ನಿಮಗೇ ಗೊತ್ತಲ್ಲ.

ಆ ಹುಡುಗಿಯರು ಏಳು, ಎಂಟನೇ ಕ್ಲಾಸಿನವರು. ಶಾಲೆಯ ಟೀ ಶರ್ಟು, ಕಪ್ಪು ಲೆಗ್ಗಿಂಗ್ಸ್, ಅಷ್ಟೇ. ಕೈಯಲ್ಲಿ ಹಿಡಿದು ಆಡಿಸುವ ಕುಚ್ಚು, ಪಾಮ್‌ಪಾಮ್ ಅಂತಾರಲ್ಲ, ಅದನ್ನು ಕೂಡ ಅವರೇ ಪ್ಲಾಸ್ಟಿಕ್ ಹಗ್ಗ ಸೀಳಿ ಮಾಡಿಕೊಂಡಿದ್ದು. ನಾನು ಸ್ಟೇಜಿನ ಪಕ್ಕದಲ್ಲೇ ನಿಂತಿದ್ದೆ. ಮೂವರು ಸೇರಿ ಒಬ್ಬಳನ್ನು ಎದೆ ಮಟ್ಟಕ್ಕೆ, ಅಲ್ಲಿಂದ ತಲೆ ಮೇಲಕ್ಕೆ ಎತ್ತಿದರು. ಹಿಂದೆ ನಿಂತು ಮೇಲಿದ್ದವಳ ಕಣಕಾಲು ಹಿಡಿಯುವವಳನ್ನು ಬ್ಯಾಕ್ ಸ್ಪಾಟ್ ಅಂತಾರೆ. ಆ ಹುಡುಗಿಯ ಕಣ್ಣು ಮೇಲಿದ್ದವಳನ್ನು ಬಿಟ್ಟು ಒಂದು ಕ್ಷಣ ಕೂಡ ಆಚೆ ಈಚೆ ಹೋಗಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು, ಒಂದು ಎರಡು ಅಂತ ಎಣಿಸುತ್ತಿದ್ದಳು. ಕೆಳಗೆ ಭಾರ ಹೊತ್ತವರು ಬರಿಗಾಲಲ್ಲಿದ್ದರು. ಸ್ಟೇಜಿಗೆ ಹಾಸಿದ್ದ ಕಾರ್ಪೆಟ್ ಜಾರುತ್ತಿತ್ತು. ಒಬ್ಬಳು ಕಾಲ್ಬೆರಳು ಮಡಿಸಿ ಕಾರ್ಪೆಟ್ಟನ್ನು ಕಚ್ಚಿ ಹಿಡಿದಿದ್ದು ನನಗೆ ಕಾಣುತ್ತಿತ್ತು. ಮೇಲಿದ್ದವಳು ಒಂದು ಕಾಲು ಎತ್ತಿ ನಕ್ಕಳು ನೋಡಿ! ನನ್ನ ಕಣ್ಣಲ್ಲಿ ನೀರು ಬಂತು.

ಎರಡನೇ ಸಲ ಎತ್ತುವಾಗ ಮೇಲಿದ್ದವಳ ಪಾದ ಜಾರಿತು. ನೆಲಕ್ಕೆ ಬೀಳಲಿಲ್ಲ, ಮೂವರೂ ಸೇರಿ ಹಿಡಿದರು. ಅದಕ್ಕೆ ಅಂಕ ಕಳೆಯಲಿ. ಕಳೆಯಲೇಬೇಕು. ನನ್ನ ತಕರಾರು ಅದಲ್ಲ.

ಮೊದಲ ಬಹುಮಾನ ಬೇರೆ ತಂಡಕ್ಕೆ ಹೋಯಿತು. ಅವರು ಯಾರನ್ನೂ ಎತ್ತಲಿಲ್ಲ, ಪಲ್ಟಿ ಹೊಡೆಯಲಿಲ್ಲ. ಸಾಲಾಗಿ ನಿಂತು ನೀಟಾಗಿ ಕುಣಿದರು. ಆ ಮಕ್ಕಳ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ, ಚೆನ್ನಾಗಿಯೇ ಮಾಡಿದರು. ಅವರೇ ಗೆಲ್ಲಬೇಕಿತ್ತೋ ಏನೋ. ಅದೇ ಅಲ್ವಾ ನಮಗೆ ಗೊತ್ತಾಗಬೇಕಿದ್ದದ್ದು? ಕಷ್ಟದ್ದನ್ನು ಮಾಡಿ ಒಂದು ಕಡೆ ತಪ್ಪಿದವರಿಗೆ ಎಷ್ಟು, ಸುಲಭದ್ದನ್ನು ತಪ್ಪಿಲ್ಲದೆ ಮಾಡಿದವರಿಗೆ ಎಷ್ಟು? ಸ್ಪರ್ಧೆಗೆ ಮೊದಲೂ ಇದನ್ನು ಯಾರೂ ಹೇಳಿರಲಿಲ್ಲ. ಮುಗಿದ ಮೇಲೂ ಹೇಳಲಿಲ್ಲ.

ನಮ್ಮ ಟೀಚರ್ ಹುಡುಗಿ ಪಾಪ ಆಯೋಜಕರ ಹತ್ತಿರ ಹೋಗಿ ಕೇಳಿದಳು, "ಸರ್, ಅಂಕ ಒಂದ್ಸಲ ನೋಡಬಹುದಾ?" ತೀರ್ಪುಗಾರರ ತೀರ್ಮಾನವೇ ಅಂತಿಮ ಅಂದರು. ನಾನು ಹೋಗಿ ಕೇಳಿದೆ. "ಮೇಡಂ, ನೀವು ಹಿರಿಯರು, ನಿಮಗೆ ಗೊತ್ತಿಲ್ಲದ್ದು ಏನಿದೆ, ಎಲ್ಲ ಮಕ್ಕಳೂ ಚೆನ್ನಾಗೇ ಮಾಡಿದ್ರು" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಹಾಳೆಗಳು ಮೇಜಿನ ಮೇಲೇ ಇದ್ದವು, ಪೆನ್ಸಿಲ್ಲಲ್ಲಿ ಬರೆದಿದ್ದು. ನಾನು ನೋಡುತ್ತಿರುವಾಗಲೇ ಮಡಿಸಿ ಫೈಲಿಗೆ ಹಾಕಿಕೊಂಡರು.

ಆಮೇಲೆ ತೇಪೆ ಹಾಕುವ ಕೆಲಸ ಶುರುವಾಯಿತು. ಬೆಸ್ಟ್ ಎನರ್ಜಿ, ಬೆಸ್ಟ್ ಸ್ಮೈಲ್, ಬೆಸ್ಟ್ ಕಾಸ್ಟ್ಯೂಮ್. ಬಂದ ಎಲ್ಲ ತಂಡಕ್ಕೂ ಒಂದೊಂದು ಕಪ್. ನಮ್ಮ ಮಕ್ಕಳಿಗೆ ಬೆಸ್ಟ್ ಡಿಸಿಪ್ಲಿನ್. ಮೇಲೆ ನಿಂತಿದ್ದಳಲ್ಲ ಆ ಹುಡುಗಿ, ಕಪ್ ತಿರುಗಿಸಿ ತಿರುಗಿಸಿ ನೋಡಿ ಅವಳ ಟೀಚರನ್ನು ಕೇಳಿದಳು: "ಮಿಸ್, ನಾವು ಗೆದ್ವಾ, ಸೋತ್ವಾ?"

ಅವಳಿಗೆ ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಚಿಯರ್ ಅಂದ ತಕ್ಷಣ ಮೂಗು ಮುರಿಯುವವರು ನನ್ನ ಸ್ನೇಹಿತರಲ್ಲೇ ಇದ್ದೀರಿ. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರಿಗೆ ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್ ಹುಡುಗಿಯರು ಬಂದಿದ್ದರು. ನಮ್ಮವರ ತಲೆಯಲ್ಲಿ ಅದೇ ಉಳಿದುಬಿಟ್ಟಿದೆ. ಬೌಂಡರಿ ಪಕ್ಕ ಕುಣಿಯುವುದು ಬೇರೆ, ಈ ಸ್ಪರ್ಧೆ ಬೇರೆ. ಇಲ್ಲಿ ಯಾರನ್ನೂ ಹುರಿದುಂಬಿಸಲು ಬಂದಿರುವುದಿಲ್ಲ, ಇವರೇ ಆಟಗಾರರು. ಎರಡೂವರೆ ನಿಮಿಷದೊಳಗೆ ಎತ್ತುವುದು, ಎಸೆದು ಹಿಡಿಯುವುದು, ಪಿರಮಿಡ್, ಪಲ್ಟಿ, ಜಿಗಿತ, ಕುಣಿತ ಎಲ್ಲ ಮುಗಿಯಬೇಕು. ಇದೆಲ್ಲ 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಒಬ್ಬ ಹುಡುಗ ಎದ್ದು ನಿಂತು ಜನರಿಂದ ಘೋಷಣೆ ಕೂಗಿಸಿದ್ದರಿಂದ ಬೆಳೆದು ಬಂದದ್ದು. ಅಂತರರಾಷ್ಟ್ರೀಯ ಚಿಯರ್ ಒಕ್ಕೂಟಕ್ಕೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿದೆ.

ನನಗೆ ಇದರ ಒಳಹೊರಗು ಗೊತ್ತಾಗಿದ್ದು ತಂಗಿಯ ಮಗಳಿಂದ. ಟೆಕ್ಸಾಸ್‌ನಲ್ಲಿದ್ದಾರೆ, ಅವಳು ಅಲ್ಲಿನ ಒಂದು ಜಿಮ್ (ಚಿಯರ್ ಕಲಿಸುವ ಖಾಸಗಿ ಕೇಂದ್ರ) ತಂಡದಲ್ಲಿ ಬೇಸ್, ಅಂದ್ರೆ ಕೆಳಗೆ ನಿಂತು ಹೊರುವವಳು. ಈ ಸೀಸನ್‌ನಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿ ಕುಣಿದಾಡುತ್ತಿದ್ದಳು. "ದೊಡ್ಡಮ್ಮಾ, ನಾವು ಹಿಟ್ ಝೀರೋ ಮಾಡಿದ್ವಿ!" ಅಂದ್ರೆ ಇಡೀ ಪ್ರದರ್ಶನದಲ್ಲಿ ಒಂದೇ ಒಂದು ಅಂಕವೂ ಕಡಿತ ಆಗಲಿಲ್ಲ ಅಂತ. ಎಷ್ಟನೇ ಸ್ಥಾನ ಬಂತು ಅಂತ ಕೇಳಿದೆ. ಎರಡನೆಯದು. ಗೆದ್ದ ತಂಡಕ್ಕೆ ಒಂದು ಕಡೆ ಅಂಕ ಕಡಿತ ಆಗಿತ್ತಂತೆ, ಆದರೂ ಅವರೇ ಮೊದಲು. "ಮತ್ತೆ ನಿನಗೆ ಬೇಜಾರಾಗಲಿಲ್ವಾ?" ಅಂದೆ. "ಅವರ ಸ್ಟಂಟ್ ನಮಗಿಂತ ಕಷ್ಟದ್ದು ದೊಡ್ಡಮ್ಮ, ಶೀಟ್‌ನಲ್ಲಿ ಇದೆಯಲ್ಲ" ಅಂದಳು. ಮುಂದಿನ ಸಲಕ್ಕೆ ಯಾವುದನ್ನು ಕಲಿಯಬೇಕು ಅಂತಲೂ ಆಗಲೇ ಕೋಚ್ ಜೊತೆ ಕೂತು ಮಾತಾಡಿಯಾಗಿತ್ತು.

ನೋಡಿ, ಆ ಮಗು ಸೋತಿತ್ತು. ಆದರೆ ಯಾಕೆ ಸೋತೆ ಅಂತ ಅದಕ್ಕೆ ಗೊತ್ತಿತ್ತು. ಆಲೂರಿನ ಮಗುವಿನ ಕೈಯಲ್ಲಿ ಕಪ್ ಇತ್ತು, ಬೇರೆ ಏನೂ ಗೊತ್ತಿರಲಿಲ್ಲ.

ಅಲ್ಲಿ ಹೇಗೆ ಮಾಡುತ್ತಾರೆ ಅಂದ್ರೆ, ಕಷ್ಟ ಎಷ್ಟು ಅನ್ನುವುದಕ್ಕೆ ಒಂದು ಅಂಕ, ಅದನ್ನು ಎಷ್ಟು ಸ್ವಚ್ಛವಾಗಿ ಮಾಡಿದರು ಅನ್ನುವುದಕ್ಕೆ ಬೇರೆ ಅಂಕ. ಬಿದ್ದದ್ದು, ನಿಯಮ ಮೀರಿದ್ದು ಇವನ್ನು ನೋಡಿ ಅಂಕ ಕಳೆಯುವುದಕ್ಕೆ ಬೇರೆಯದೇ ತೀರ್ಪುಗಾರರು. ತಂಡಗಳನ್ನು ಒಂದರಿಂದ ಏಳರವರೆಗೆ ಹಂತ ಮಾಡಿದ್ದಾರೆ. ಒಂದನೇ ಹಂತದವರು ಕೈ ಊರದೆ ಗಾಳಿಯಲ್ಲಿ ಪಲ್ಟಿ ಹೊಡೆಯುವ ಹಾಗಿಲ್ಲ, ಹೊಡೆದರೆ ಅಂಕ ಹೋಗುತ್ತೆ. ನೆಲ ಎಲ್ಲರಿಗೂ ಒಂದೇ ಅಳತೆ, 54 ಅಡಿಗೆ 42 ಅಡಿ, ಕೆಳಗೆ ಮೆತ್ತನೆ ಮ್ಯಾಟ್. ಸ್ಪರ್ಧೆ ಮುಗಿದ ಮೇಲೆ ಕೋಚ್ ಕೈಗೆ ಅಂಕದ ಹಾಳೆ ಬರುತ್ತೆ.

ಅಲ್ಲೇನು ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. ಮೇಲಿನ ಹಂತದಲ್ಲಿ ಆಡುವಷ್ಟು ತಾಕತ್ತಿದ್ದರೂ ಬೇಕಂತಲೇ ಕೆಳಗಿನ ಹಂತಕ್ಕೆ ತಂಡ ಇಳಿಸಿ ಕಪ್ ಹೊಡೆಯುವವರಿದ್ದಾರೆ. ಸ್ಯಾಂಡ್‌ಬ್ಯಾಗಿಂಗ್ ಅಂತ ಕರೆದು ಪೋಷಕರು ಕಿಡಿಕಾರುತ್ತಾರೆ. ವಯಸ್ಸು, ಹಂತ, ಜಿಮ್ಮಿನ ಗಾತ್ರ ಅಂತ ವಿಭಾಗಗಳನ್ನು ಒಡೆದು ಒಡೆದು ಕೊನೆಗೆ ಕೆಲವು ವಿಭಾಗದಲ್ಲಿ ಒಂದೇ ತಂಡ ಉಳಿಯುವುದೂ ಉಂಟು. ತಂಗಿಯ ಮಗಳಿಗೂ ಹಾಗೆ ಒಂದು ಮೊದಲ ಸ್ಥಾನ ಬಂದಿತ್ತು. ಆ ಮೆಡಲ್ ತೋರಿಸು ಅಂದ್ರೆ ತೋರಿಸಲಿಲ್ಲ. "ಎದುರಿಗೆ ಯಾರೂ ಇರಲಿಲ್ಲ ದೊಡ್ಡಮ್ಮ" ಅಂದಳು. ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತೆ ರೀ. ಅರ್ಥವಾಗುವುದಿಲ್ಲ ಅಂದುಕೊಂಡಿರುವುದು ನಾವು.

ನಿನ್ನೆಯೂ ಅಷ್ಟೇ. ಎಂಟನೇ ಕ್ಲಾಸಿನವರೆಗೆ ಅಂತ ನೋಟಿಸಿನಲ್ಲಿತ್ತು. ಒಂದು ತಂಡದಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ಇದ್ದರು ಅಂತ ಅಲ್ಲಿದ್ದ ಮಕ್ಕಳೇ ಮಾತಾಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ಹೇಳುವುದಕ್ಕೆ ಆಗುವುದಿಲ್ಲ, ಯಾಕೆಂದರೆ ಯಾರೂ ವಯಸ್ಸಿನ ದಾಖಲೆ ಕೇಳಲಿಲ್ಲ. ನಮ್ಮ ಇಲಾಖೆಯ ಕ್ರೀಡಾಕೂಟದಲ್ಲಿ ಹೋಬಳಿ ಮಟ್ಟದ ಖೋಖೋಗೂ ಹುಟ್ಟಿದ ದಿನಾಂಕ, ಮುಖ್ಯೋಪಾಧ್ಯಾಯರ ಸಹಿ ಎಲ್ಲ ನೋಡಿಯೇ ಮಕ್ಕಳನ್ನು ಮೈದಾನಕ್ಕೆ ಬಿಡುತ್ತಿದ್ದೆವು. ಇಲ್ಲಿ ತಂಡಕ್ಕೆ ಇಷ್ಟು ಅಂತ ಎಂಟ್ರಿ ಫೀಸ್ ಕಟ್ಟಿಸಿಕೊಂಡಿದ್ದಾರೆ. ಒಂದು ದಾಖಲೆ ನೋಡುವುದಕ್ಕೆ ಏನು ಕಷ್ಟ?

ಇವತ್ತು ಬೆಳಿಗ್ಗೆ ಒಬ್ಬರು ಫೋನ್ ಮಾಡಿ ಸಮಾಧಾನ ಹೇಳಿದರು. "ಬಿಡಿ ಮೇಡಂ, ಕುಣಿತಕ್ಕೆ ಮಾರ್ಕ್ಸ್ ಹಾಕೋದು ಕಬಡ್ಡಿ ಪಾಯಿಂಟ್ ಎಣಿಸಿದಷ್ಟು ಸುಲಭ ಅಲ್ಲ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ ಕಾಣುತ್ತೆ." ಒಪ್ಪುತ್ತೇನೆ. ಕಣ್ಣಳತೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಅದಕ್ಕೇ ಅಲ್ವಾ ಬರೆದು ತೋರಿಸಬೇಕಾದ್ದು? ಜಿಮ್ನಾಸ್ಟಿಕ್ಸ್ ಇಲ್ಲವಾ, ಯೋಗಾಸನ ಸ್ಪರ್ಧೆ ಇಲ್ಲವಾ? ನಮ್ಮ ಜಿಲ್ಲೆಯಲ್ಲಿ ಹಾಲು ಹಾಕದ ಊರಿಲ್ಲ. ಡೇರಿಗೆ ಬೆಳಿಗ್ಗೆ ಹಾಲು ಹಾಕಿದರೆ ಎಷ್ಟು ಲೀಟರ್, ಫ್ಯಾಟ್ ಎಷ್ಟು ಅಂತ ಚೀಟಿ ಕೈಗೆ ಬರುತ್ತೆ. ರೇಟು ಕಮ್ಮಿ ಬಂದರೆ ಚೀಟಿ ಹಿಡಿದು ಕೇಳುತ್ತೇವೆ. ಹಸುವಿನ ಹಾಲಿಗೆ ಕೊಡುವ ಲೆಕ್ಕವನ್ನು ತಿಂಗಳುಗಟ್ಟಲೆ ಬೆವರು ಸುರಿಸಿದ ಮಕ್ಕಳಿಗೆ ಯಾಕೆ ಕೊಡಬಾರದು?

ಇನ್ನೊಂದು ವಿಷಯ ಹೇಳುತ್ತೇನೆ, ಇದನ್ನು ನಮ್ಮ ಪಿ.ಟಿ. ಟೀಚರುಗಳು ಓದಲೇಬೇಕು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕ್ವಿನಿಪಿಯಾಕ್ ಅಂತ ಒಂದು ವಿಶ್ವವಿದ್ಯಾಲಯ. 2009ರಲ್ಲಿ ಅವರು ಹೆಣ್ಣುಮಕ್ಕಳ ವಾಲಿಬಾಲ್ ತಂಡವನ್ನು ನಿಲ್ಲಿಸಲು ಹೊರಟರು. ಬದಲಿಗೆ ಚಿಯರ್ ತಂಡವನ್ನು ಕ್ರೀಡೆ ಅಂತ ಲೆಕ್ಕಕ್ಕೆ ತೋರಿಸಿದರು. ವಾಲಿಬಾಲ್ ಹುಡುಗಿಯರು ಕೋರ್ಟಿಗೆ ಹೋದರು. 2010ರಲ್ಲಿ ತೀರ್ಪು ಬಂತು. ಓದುವ ಕಡೆ ಹೆಣ್ಣುಮಕ್ಕಳಿಗೂ ಆಟದಲ್ಲಿ ಸಮಾನ ಅವಕಾಶ ಇರಬೇಕು ಅನ್ನುವ ಕಾನೂನು ಅಲ್ಲಿದೆ, ಟೈಟಲ್ ನೈನ್ ಅಂತ. ಸದ್ಯದ ಸ್ಥಿತಿಯಲ್ಲಿ ಚಿಯರನ್ನು ಆ ಕಾನೂನಿನ ಲೆಕ್ಕದಲ್ಲಿ ಕ್ರೀಡೆ ಅನ್ನಲಾಗದು ಅಂದರು ನ್ಯಾಯಾಧೀಶರು. 2012ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಹುಡುಗಿಯರಲ್ಲಿ ತಾಕತ್ತಿಲ್ಲ, ಕಸರತ್ತಿಲ್ಲ ಅಂತ ಯಾರೂ ಹೇಳಲಿಲ್ಲ. ಒಂದೊಂದು ಸ್ಪರ್ಧೆಯಲ್ಲಿ ಒಂದೊಂದು ನಿಯಮ, ಎದುರಾಳಿಗಳು ಒಂದೊಂದು ಸಲ ಒಂದೊಂದು ಥರದವರು, ಇನ್ನೂ ಸರಿಯಾದ ವ್ಯವಸ್ಥೆ ಇಲ್ಲ ಅನ್ನುವುದು ಮುಖ್ಯ ಕಾರಣಗಳಲ್ಲಿ ಒಂದು. ಮುಂದೆ ಯಾವತ್ತಾದರೂ ಆಗಬಹುದು ಅಂತಲೂ ಹೇಳಿದರು. ಮಕ್ಕಳ ಶ್ರಮ ಎಷ್ಟೇ ಇರಲಿ, ದೊಡ್ಡವರು ನಿಯಮ ನೆಟ್ಟಗೆ ಇಡದಿದ್ದರೆ ಹೊರಗಿನವರು ಅದನ್ನು ಆಟ ಅಂತ ಒಪ್ಪುವುದಿಲ್ಲ. ಅಲ್ಲಿ ಆಗಿದ್ದು ಅದೇ. ನಿನ್ನೆ ನಮ್ಮೂರಲ್ಲಿ ಆಗಿದ್ದೂ ಅದೇ.

"ಮಕ್ಕಳು ಖುಷಿಯಾಗಿರಲಿ, ಯಾರಿಗೂ ನೋವಾಗಬಾರದು, ಅದಕ್ಕೇ ಎಲ್ಲರಿಗೂ ಕಪ್" ಅನ್ನುವವರು ಬಹಳ ಜನ. ಆರು ವರ್ಷದ ಮಕ್ಕಳಿಗಾದರೆ ನಾನೂ ಹಾಗೇ ಕೊಡುತ್ತೇನೆ, ಜೊತೆಗೆ ಚಾಕಲೇಟನ್ನೂ ಕೊಡುತ್ತೇನೆ. ಹದಿಮೂರು ವರ್ಷದವಳು ತಲೆ ಮೇಲೆ ಗೆಳತಿಯನ್ನು ನಿಲ್ಲಿಸಿಕೊಳ್ಳುವಷ್ಟು ಗಟ್ಟಿ ಇದ್ದಾಳೆ. "ನಿಮಗೆ ಇಷ್ಟು ಅಂಕ, ಇಲ್ಲಿ ಕಡಿಮೆ ಆಯ್ತು" ಅಂದ್ರೆ ತಡೆದುಕೊಳ್ಳುವುದಿಲ್ವಾ? ನೋವಾಗುತ್ತೆ, ಆಗಲಿ. ನಾನು ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಒಂದು ಫೈನಲ್ ಒಂದೇ ಪಾಯಿಂಟಿನಲ್ಲಿ ಸೋತೆವು. ಬಸ್ಸಿನಲ್ಲಿ ಅರಸೀಕೆರೆಯವರೆಗೂ ಅತ್ತಿದ್ದೇವೆ. ಆದರೆ ಸ್ಕೋರ್ ಪುಸ್ತಕ ಕಣ್ಣಾರೆ ನೋಡಿದ್ದೆವು. ಇವತ್ತಿಗೂ ಆ ತಂಡದವರು ಸಿಕ್ಕರೆ ಕೂತು ಕಾಫಿ ಕುಡಿಯುತ್ತೇವೆ. ಯಾರ ಮೇಲೂ ಅನುಮಾನ ಇಲ್ಲ, ಹೊಟ್ಟೆಯಲ್ಲಿ ಉರಿ ಇಲ್ಲ.

ಗೆದ್ದ ಮಕ್ಕಳಿಗೂ ಮೋಸವೇ ಅಲ್ವಾ ಇದು? ನಿನ್ನೆ ಮೊದಲ ಬಹುಮಾನ ತಗೊಂಡವರ ಬೆನ್ನ ಹಿಂದೆ "ಅವರ ಶಾಲೆಯವರು ಇವರಿಗೆ ಬೇಕಾದವರು" ಅಂತ ಗುಸುಗುಸು ನಡೆಯುತ್ತಿತ್ತು. ಹಾಳೆ ತೋರಿಸಿದ್ದರೆ ಆ ಬಾಯಿಗಳೆಲ್ಲ ಅಲ್ಲೇ ಮುಚ್ಚುತ್ತಿದ್ದವು. ಪಾಪ, ಆ ಮಕ್ಕಳು ದುಡಿದು ಗಳಿಸಿದ್ದರೂ ಗಳಿಸಿರಬಹುದು.

ಕಾರ್ಪೆಟ್ಟಿನ ಬಗ್ಗೆ ಇನ್ನೊಂದು ಮಾತು, ಇದು ಹಾಳೆಗಿಂತ ದೊಡ್ಡದು. ಮ್ಯಾಟ್ ಇಲ್ಲದ ಸ್ಟೇಜಿನಲ್ಲಿ ಮಕ್ಕಳನ್ನು ಎತ್ತಿಸಲೇಬೇಡಿ. ಚಿಯರ್‌ನಲ್ಲಿ ತಲೆಗೆ, ಕುತ್ತಿಗೆಗೆ ಬೀಳುವ ಪೆಟ್ಟು ತಮಾಷೆಯದ್ದಲ್ಲ. ಮ್ಯಾಟ್ ತರಿಸುವುದಕ್ಕೆ ಆಗದಿದ್ದರೆ ಎತ್ತುವ ಹಾಗಿಲ್ಲ ಅಂತ ನೋಟಿಸಿನಲ್ಲೇ ಹಾಕಿ, ಎಲ್ಲರೂ ನೆಲದ ಮೇಲಿನದ್ದನ್ನೇ ಮಾಡಲಿ. ಆಗ ಎಲ್ಲರಿಗೂ ಒಂದೇ ನಿಯಮವೂ ಆಯಿತು.

ಇಷ್ಟು ಬರೆದು ಸುಮ್ನೆ ಕೂರುವುದಿಲ್ಲ. ಒಂದು ಪುಟದ ಅಂಕದ ಹಾಳೆ ಕನ್ನಡದಲ್ಲಿ ತಯಾರು ಮಾಡುತ್ತಿದ್ದೇನೆ. ಕಷ್ಟ, ಸ್ವಚ್ಛತೆ, ಹೊಂದಾಣಿಕೆ, ಕಡಿತ ನಾಲ್ಕೂ ಬೇರೆ ಬೇರೆ ಕಾಲಂ, ಕೆಳಗೆ ತೀರ್ಪುಗಾರರ ಸಹಿ. ನಿನ್ನೆಯ ಆಯೋಜಕರಿಗೂ ಕೊಡುತ್ತೇನೆ, ಅವರು ಕೆಟ್ಟವರಲ್ಲ, ಕೇಳಿದರೆ ಕೇಳಿಯಾರು. ಹಾಸನ, ಸಕಲೇಶಪುರ, ಬೇಲೂರು ಕಡೆ ಇಂಥ ಸ್ಪರ್ಧೆ ನಡೆಸುವವರು, ಮಕ್ಕಳನ್ನು ತಯಾರು ಮಾಡುವವರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ, ಕಳಿಸಿಕೊಡುತ್ತೇನೆ. ಯಾವುದಕ್ಕೆ ಎಷ್ಟು ಅಂಕ ಇಡಬೇಕು ಅನ್ನುವುದರಲ್ಲಿ ಇನ್ನೂ ಗೊಂದಲ ಇದೆ. ಕಷ್ಟಕ್ಕೆ ಜಾಸ್ತಿ ಇಟ್ಟರೆ ಆಗದ್ದನ್ನು ಮಾಡಲು ಹೋಗಿ ಮಕ್ಕಳು ಬೀಳುತ್ತಾರೆ ಅನ್ನುವ ಭಯ, ಕಮ್ಮಿ ಇಟ್ಟರೆ ಯಾರೂ ಹೊಸದನ್ನು ಕಲಿಯುವುದಿಲ್ಲ. ಜಿಮ್ನಾಸ್ಟಿಕ್ಸ್ ಕಲಿಸುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಈ ಬರಹಕ್ಕೆ ಟ್ಯಾಗ್ ಮಾಡಿ, ಅವರ ಹತ್ತಿರ ಮಾತಾಡಬೇಕು.