ಕೊಂಡವನೊಬ್ಬ, ಓದುವವನೊಬ್ಬ

ಈ ತಿಂಗಳು ಮನೆಗೆ ಆರು ಪುಸ್ತಕಗಳು ಬಂದಿವೆ. ‘ಬಂದಿವೆ’ ಎಂದು ಬರೆದುಬಿಟ್ಟೆ; ಅವು ತಮ್ಮಷ್ಟಕ್ಕೆ ತಾವೇ ನಡೆದು ಬಂದು ಬಾಗಿಲು ತಟ್ಟಿದವೋ ಎಂಬಂತೆ. ಪುಸ್ತಕ ಕೊಳ್ಳುವ ಚಟವಿರುವವರ ಮಾತಿನಲ್ಲಿ ಈ ಅಕರ್ಮಕ ಕ್ರಿಯಾಪದ ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ. ‘ಕೊಂಡೆ’ ಎಂದರೆ ಏಕೆ ಕೊಂಡೆ, ಹೋದ ತಿಂಗಳು ಕೊಂಡದ್ದನ್ನು ಏನು ಮಾಡಿದೆ, ಇಡಲು ಜಾಗವೆಲ್ಲಿದೆ ಎಂಬ ಪ್ರಶ್ನೆಗಳೆಲ್ಲ ಒಂದರ ಬೆನ್ನಿಗೊಂದು ಹುಟ್ಟುತ್ತವೆ. ‘ಬಂದಿದೆ’ ಎಂದರೆ ಮಳೆ ಬಂದ ಹಾಗೆ, ಯಾರನ್ನೂ ಹೊಣೆ ಮಾಡುವಂತಿಲ್ಲ.

ಬಂದವುಗಳ ಪೈಕಿ ದೊಡ್ಡದು ಸಮುದ್ರ ವ್ಯಾಪಾರದ ಇತಿಹಾಸ, 736 ಪುಟ. ಕೈಯಲ್ಲಿ ಎತ್ತಿ ಹಿಡಿದು ಓದಲಾಗದ, ಮೇಜಿನ ಮೇಲೆ ಬಿಚ್ಚಿಟ್ಟು ತಾನು ಅದರತ್ತ ಬಾಗಿಯೇ ಓದಬೇಕಾದ ಗಾತ್ರ. ಗಣಿತಜ್ಞರೊಬ್ಬರ ಜೀವನಚರಿತ್ರೆ 416 ಪುಟ. ಇರುವೆಗಳ ಬದುಕನ್ನು ಕುರಿತ ಪುಸ್ತಕಕ್ಕೆ 304 ಪುಟ. ಮುಖಪುಟದ ಇರುವೆ ನನ್ನನ್ನೇ ನೋಡುತ್ತಿತ್ತು ಎನ್ನುವುದನ್ನು ಬಿಟ್ಟರೆ ಅದನ್ನು ಕೊಳ್ಳಲು ಬೇರೆ ಕಾರಣವೇನಿತ್ತೆಂದು ಈಗಲೂ ಹೇಳಲಾರೆ. 248 ಪುಟಗಳ ಒಂದು ಪತ್ತೇದಾರಿ ಕಾದಂಬರಿ, 96 ಪುಟಗಳ ಒಂದು ಕವನ ಸಂಕಲನ. ಕೊನೆಯದು, ಹಳೆಯ ಪುಸ್ತಕಗಳ ರಾಶಿಯಿಂದ ಎತ್ತಿಕೊಂಡ 352 ಪುಟಗಳ ಪ್ರವಾಸಕಥನ. ರಟ್ಟಿನ ಮೂಲೆಗಳು ಸವೆದಿವೆ, ಹಾಳೆಗಳು ಹಳದಿಗೆ ತಿರುಗಿವೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಉಳಿದುಕೊಳ್ಳುವ ಲಿಗ್ನಿನ್ ಎಂಬ ಅಂಶ ಗಾಳಿ ಬೆಳಕಿಗೆ ಸಿಕ್ಕಿ ಹೀಗೆ ಬಣ್ಣ ಬದಲಿಸುತ್ತದೆಯಂತೆ. ಅದು ಒಡೆಯುವಾಗ ಹುಟ್ಟುವ ರಾಸಾಯನಿಕಗಳಲ್ಲಿ ವೆನಿಲಿನ್ ಕೂಡ ಒಂದು ಎಂದು ತಿಳಿದ ದಿನ, ಹಳೆಯ ಪುಸ್ತಕವನ್ನು ಮೂಗಿಗೆ ಹಿಡಿಯುವ ನನ್ನ ಅಭ್ಯಾಸಕ್ಕೆ ರಸಾಯನಶಾಸ್ತ್ರದ ಬೆಂಬಲ ಸಿಕ್ಕಿದಂತಾಯಿತು.

ಹೊಸ ಪುಸ್ತಕವನ್ನು ನಾನು ನೇರವಾಗಿ ಮೊದಲ ಅಧ್ಯಾಯದಿಂದ ಓದಲು ತೊಡಗಿದ್ದೇ ಇಲ್ಲ. ಮೊದಲು ಮುಖಪುಟ, ಆಮೇಲೆ ಬೆನ್ನುಡಿ, ಅನಂತರ ಯಾರೂ ಓದದ ಆ ಮುದ್ರಣ ವಿವರಗಳ ಪುಟ: ಎಷ್ಟನೆಯ ಮುದ್ರಣ, ಯಾವ ವರ್ಷ, ಕಾಗದದ ತೂಕ 70 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ) ಹೌದೋ ಅಲ್ಲವೋ. ಬಳಿಕ ಅರ್ಪಣೆ, ಪರಿವಿಡಿ, ಲೇಖಕರ ಅರಿಕೆ, ಇನ್ನೊಬ್ಬರ ಮುನ್ನುಡಿ. ಇಷ್ಟಾಗುವ ಹೊತ್ತಿಗೆ ಪುಸ್ತಕದ ಕಾಲು ಭಾಗವನ್ನು ಓದಿ ಮುಗಿಸಿದ ತೃಪ್ತಿ ಮನಸ್ಸಿಗೆ ಬಂದಿರುತ್ತದೆ. ಈ ತೃಪ್ತಿಯೇ ಅಪಾಯಕಾರಿ. ಮುನ್ನುಡಿಯೊಂದನ್ನೇ ಓದಿ ಕಪಾಟಿಗೆ ಸೇರಿಸಿದ ಪುಸ್ತಕಗಳ ಬಗೆಗೆ ನಾನು ಎಷ್ಟೋ ಸಲ ಗಂಭೀರವಾಗಿ ಮಾತನಾಡಿದ್ದೇನೆ. ಎದುರಿಗಿದ್ದವರು ಅಷ್ಟೇ ಗಂಭೀರವಾಗಿ ತಲೆದೂಗಿದ್ದಾರೆ. ಅವರೂ ಮುನ್ನುಡಿಯವರೆಗೆ ಬಂದವರೇ ಇರಬಹುದು.

ತಿಂಗಳ ಕೊನೆಯ ವಾರದಲ್ಲಿ ಮುಂದಿನ ತಿಂಗಳ ಓದಿನ ಪಟ್ಟಿ ತಯಾರಾಗುತ್ತದೆ. ಆರು ಪುಸ್ತಕಗಳ ಪುಟಗಳನ್ನು ಕೂಡಿಸಿದೆ: 2152. ಮುಂದಿನ ತಿಂಗಳಿಗೆ 30 ದಿನ. ದಿನಕ್ಕೆ 72 ಪುಟ ಓದಿದರೆ ತಿಂಗಳು ಮುಗಿಯುವ ಹೊತ್ತಿಗೆ ಪುಸ್ತಕಗಳೂ ಮುಗಿಯುತ್ತವೆ. ಲೆಕ್ಕ ಎಷ್ಟು ಚೊಕ್ಕಟವಾಗಿದೆಯೆಂದರೆ, ಅದನ್ನು ಬರೆದ ಕಾಗದವನ್ನೇ ಒಂದು ಕ್ಷಣ ಹೆಮ್ಮೆಯಿಂದ ನೋಡಿದೆ. ಆಮೇಲೆ, ನೋಡಬಾರದಿತ್ತು, ಹೋದ ತಿಂಗಳ ಕಾಗದವನ್ನೂ ನೋಡಿದೆ. 31 ದಿನಗಳಲ್ಲಿ ನಾನು ಓದಿದ್ದು 403 ಪುಟ, ಎಂದರೆ ದಿನಕ್ಕೆ 13. ಆ ವೇಗದಲ್ಲಿ ಈ ಆರು ಪುಸ್ತಕಗಳಿಗೆ ಐದೂವರೆ ತಿಂಗಳು ಬೇಕು. ಅಷ್ಟರೊಳಗೆ ಇನ್ನೂ ಎಷ್ಟು ‘ಬಂದಿರುತ್ತವೆ’ ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಸಮಾಧಾನವುಂಟು. ಮುದ್ರಣಾಲಯದಲ್ಲಿ ಪುಸ್ತಕವನ್ನು ಬಿಡಿ ಪುಟಗಳಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಮುದ್ರಿಸಿ, ಮಡಚಿ, ಸಾಮಾನ್ಯವಾಗಿ ಎಂಟು ಅಥವಾ ಹದಿನಾರು ಪುಟಗಳ ಫಾರಂಗಳನ್ನಾಗಿ ಮಾಡಿ ಹೊಲಿಯುತ್ತಾರೆ ಇಲ್ಲವೆ ಅಂಟಿಸುತ್ತಾರೆ. ನನ್ನ ಆರೂ ಪುಸ್ತಕಗಳ ಪುಟಸಂಖ್ಯೆ ಎಂಟರಿಂದ ಭಾಗಿಸಿದರೆ ಶೇಷ ಉಳಿಯದಿರುವುದಕ್ಕೆ ಇದೇ ಕಾರಣ. ಬರೆದದ್ದು ಫಾರಂ ತುಂಬುವ ಮೊದಲೇ ಮುಗಿದುಹೋದರೆ ಕೊನೆಯ ಪುಟಗಳು ಖಾಲಿ ಉಳಿಯುತ್ತವೆ, ಅಥವಾ ಲೇಖಕರ ಇತರ ಕೃತಿಗಳ ಪಟ್ಟಿಗೆ ಮೀಸಲಾಗುತ್ತವೆ. ಆ ಖಾಲಿ ಪುಟಗಳನ್ನೂ ನಾನು ಓದಿದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ. ಅವುಗಳನ್ನು ಓದುವಾಗ ನನ್ನ ವೇಗ ಅಸಾಧಾರಣವಾದದ್ದು. ಇತಿಹಾಸದ ಪುಸ್ತಕದ ಕೊನೆಗೆ ಅಡಿಟಿಪ್ಪಣಿ, ಪದಸೂಚಿಗಳೇ ನೂರು ಪುಟಕ್ಕೂ ಮಿಕ್ಕಿ ಇವೆಯೆಂದು ಕಂಡಾಗ ಆ ಲೇಖಕರ ಪಾಂಡಿತ್ಯದ ಬಗೆಗೆ ನನಗೆ ಉಕ್ಕಿದ ಗೌರವದ ಮೂಲವೂ ಅಲ್ಲಿಯೇ ಇದೆ.

ಹೀಗೆ ಯೋಜನೆ ತಲೆಕೆಳಗಾಗುವುದು ನನ್ನೊಬ್ಬನ ಸೋಮಾರಿತನವಲ್ಲ ಎನ್ನಲು ಮನೋವಿಜ್ಞಾನಿಗಳ ಸಾಕ್ಷ್ಯವಿದೆ. ಕೆಲಸಕ್ಕೆ ಹಿಡಿಯುವ ಕಾಲವನ್ನು ಮನುಷ್ಯರು ಕಡಮೆ ಎಣಿಸುವ ಈ ಪ್ರವೃತ್ತಿಯನ್ನು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಅವರು 1979ರಲ್ಲಿ ಗುರುತಿಸಿ ಹೆಸರಿಟ್ಟರು. ರೋಜರ್ ಬ್ಯೂಲರ್ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ 37 ವಿದ್ಯಾರ್ಥಿಗಳನ್ನು ಎಷ್ಟು ದಿನಗಳಲ್ಲಿ ಮುಗಿಸುವಿರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಸುಮಾರು 49 ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಸ್ವಲ್ಪ ಹೆಚ್ಚು. ಈ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ನಡುವಿನ ಸಂಖ್ಯೆ. ಕೇಡನ್ನು ಊಹಿಸಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಿದಾಗಲೂ ಮನುಷ್ಯನಿಗೆ ಸಾಕಷ್ಟು ಕೇಡನ್ನು ಊಹಿಸಲಾಗುವುದಿಲ್ಲ. ಹೋದ ತಿಂಗಳ ನನ್ನ ಪಟ್ಟಿಯಲ್ಲಿಯೂ ನೆಗಡಿಗೆಂದು ಎರಡು ದಿನ, ಅತಿಥಿಗಳಿಗೆಂದು ಒಂದು ದಿನ ಬಿಟ್ಟಿದ್ದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಆಗದೆ, ಯಾರೂ ಬಾರದೆ, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕಳೆಯುವ ಸಂಜೆಗಳಿಗೆ ಒಂದು ದಿನವನ್ನೂ ಬಿಟ್ಟಿರಲಿಲ್ಲ.

ತೊಡಕಿನ ಮೂಲ ಲೆಕ್ಕದಲ್ಲಿಲ್ಲವೆಂದು ನನಗೆ ಈಚೆಗೆ ಅನಿಸತೊಡಗಿದೆ. ಕೊಳ್ಳುವವನೂ ಓದುವವನೂ ಒಬ್ಬನೇ ಎಂದು ನಾವು ಭಾವಿಸಿರುವುದೇ ತಪ್ಪು. ಕೊಳ್ಳುವವನು ಹಗಲಿನವನು, ಹುರುಪಿನ ಮನುಷ್ಯ, ಸಮುದ್ರ ವ್ಯಾಪಾರದಿಂದ ಇರುವೆಗಳವರೆಗೆ ಅವನಿಗೆ ಆಸಕ್ತಿಯಿಲ್ಲದ ವಿಷಯವಿಲ್ಲ, ಅವನ ಮುಂದಿರುವ ತಿಂಗಳಿನಲ್ಲಿ ಎಲ್ಲ ದಿನಗಳೂ ರಜೆಯ ದಿನಗಳು, ಎಲ್ಲ ಗಂಟೆಗಳೂ ಬೆಳಗಿನ ಗಂಟೆಗಳು. ಓದುವವನು ರಾತ್ರಿ ಹತ್ತು ಗಂಟೆಗೆ ಹಾಸಿಗೆಗೆ ಬರುವ ಬೇರೊಬ್ಬ ಪ್ರಾಣಿ. ಅವನ ಕಣ್ಣು ಎಳೆಯುತ್ತಿರುತ್ತದೆ; ಒಂದೇ ಪ್ಯಾರಾವನ್ನು ಮೂರು ಸಲ ಓದಿ, ನಾಲ್ಕನೆಯ ಸಲಕ್ಕೆ ಕನ್ನಡಕವನ್ನು ಮೂಗಿನ ಮೇಲೆಯೇ ಬಿಟ್ಟು ನಿದ್ದೆ ಹೋಗುವವನು ಅವನು. ಇವರಿಬ್ಬರ ಭೇಟಿ ಆಗುವುದೇ ಇಲ್ಲ. ಕೊಳ್ಳುವವನು ಪಟ್ಟಿ ಬರೆದು ಹೊರಟುಹೋಗುತ್ತಾನೆ. ಓದುವವನು ತಾನು ಒಪ್ಪದ ಕರಾರಿಗೆ ಸಿಕ್ಕಿಬಿದ್ದ ಆಳಿನ ಹಾಗೆ ಗೊಣಗುತ್ತಾನೆ. ಸೇಡು ತೀರಿಸಿಕೊಳ್ಳಲು ಅವನಿಗಿರುವ ದಾರಿ ಒಂದೇ, ಪಟ್ಟಿಯಲ್ಲಿಲ್ಲದ್ದನ್ನು ಓದುವುದು. ಹೋದ ತಿಂಗಳ 403 ಪುಟಗಳಲ್ಲಿ 280 ಪುಟ ಪಟ್ಟಿಯಲ್ಲಿರಲೇ ಇಲ್ಲ. ಹತ್ತು ವರ್ಷದ ಹಿಂದೆ ಓದಿದ್ದ ಕಾದಂಬರಿಯೊಂದನ್ನು ಧೂಳು ಒರೆಸಲೆಂದು ಕೆಳಗಿಳಿಸಿದವನು, ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಏಣಿಯ ಮೆಟ್ಟಿಲ ಮೇಲೆ ಕುಳಿತು ಓದತೊಡಗಿದ್ದ.

ಕೊಳ್ಳುವವನ ಮೇಲೆ ಹಿರಿಯರ ಸಿಟ್ಟು ಇಂದಿನದಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ತತ್ತ್ವಜ್ಞಾನಿ ಸೆನೆಕ, ಒಡೆಯನು ಜೀವಮಾನವಿಡೀ ಕುಳಿತರೂ ಶೀರ್ಷಿಕೆಗಳನ್ನಷ್ಟೇ ಓದಿ ಮುಗಿಸಬಹುದಾದಷ್ಟು ಪುಸ್ತಕಗಳನ್ನು ಇಟ್ಟುಕೊಂಡು ಏನು ಪ್ರಯೋಜನವೆಂದು ಕೇಳಿದ; ಅನೇಕರಿಗೆ ಪುಸ್ತಕಗಳು ಊಟದ ಕೋಣೆಯ ಅಲಂಕಾರವಾಗಿವೆಯೆಂದು ಹಂಗಿಸಿದ. ಮಾತು ಸರಿಯೇ. ಆದರೆ ನನಗೆ ಹತ್ತಿರದವನಾಗಿ ಕಾಣಿಸುವುದು ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್. 1814ರಲ್ಲಿ ಬ್ರಿಟಿಷ್ ಸೇನೆ ವಾಷಿಂಗ್ಟನ್ನಿನಲ್ಲಿ ಹಚ್ಚಿದ ಬೆಂಕಿಗೆ ಅಮೆರಿಕದ ಸಂಸತ್ತಿನ ಗ್ರಂಥಾಲಯ ಆಹುತಿಯಾದಾಗ, ಅವನು ತನ್ನ ಸಂಗ್ರಹದ 6487 ಸಂಪುಟಗಳನ್ನು ಮರುವರ್ಷ ಅದಕ್ಕೆ ಮಾರಿದ. ಸಾಲದಲ್ಲಿದ್ದವನು, ಹಣವೂ ಬಂತು, ಕಪಾಟುಗಳೂ ಖಾಲಿಯಾದವು. ಆ ಬೇಸಿಗೆಯಲ್ಲಿಯೇ, ಪುಸ್ತಕಗಳಿಲ್ಲದೆ ಬದುಕಲಾರೆನೆಂದು ಜಾನ್ ಆಡಮ್ಸ್‌ಗೆ ಪತ್ರ ಬರೆದು, ಮತ್ತೆ ಕೊಳ್ಳತೊಡಗಿದ. ಖಾಲಿ ಕಪಾಟನ್ನು ಕಂಡ ದಿನ ಅವನ ಒಳಗಿನ ಕೊಳ್ಳುವವನಿಗೆ ಎಂಥ ಹಬ್ಬವಾಗಿರಬೇಕೆಂದು ನಾನು ಊಹಿಸಬಲ್ಲೆ.

ಕಪಾಟಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅದು ಖಾಲಿಯಾಗುವ ಲಕ್ಷಣವಿಲ್ಲ. ಪುಸ್ತಕಗಳು ನಿಂತಿದ್ದ ಕಾಲ ಮುಗಿದು, ನಿಂತವುಗಳ ತಲೆಯ ಮೇಲೆ ಮಲಗುವ ಕಾಲವೂ ಮುಗಿದು, ಈಗ ಹಿಂದೊಂದು ಮುಂದೊಂದು ಸಾಲಾಗಿ ನಿಲ್ಲುವ ಕಾಲ ಬಂದಿದೆ. ಹಿಂದಿನ ಸಾಲಿನಲ್ಲಿ ಏನಿದೆಯೆಂದು ಮರೆತು ಅದನ್ನೇ ಮತ್ತೆ ಕೊಂಡದ್ದೂ ಒಂದೆರಡು ಸಲ ಉಂಟು. ಹೊಸ ಆರನ್ನು ಎಲ್ಲಿಡುವುದೆಂದು ನಾನು ಯೋಚಿಸುತ್ತ ನಿಂತಿದ್ದಾಗ ಮಗಳು ಪಟ್ಟಿಯನ್ನು ಕೈಗೆತ್ತಿಕೊಂಡು, ‘ಅಪ್ಪಾ, ಇದು ಓದೋ ಪಟ್ಟಿಯೋ ಇಡೋ ಪಟ್ಟಿಯೋ?’ ಎಂದಳು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದನ್ನು ಅವಳಿಗೆ ಹೇಳಿದೆ: ಗ್ರಂಥಾಲಯವು ಬೆಳೆಯುವ ಜೀವಿ. ಅವಳು ಅವರ ಮೊದಲನೆಯ ಸೂತ್ರ ಯಾವುದೆಂದು ಕೇಳಿದಳು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಆ ಸೂತ್ರ. ಅದನ್ನು ಹೇಳಿದ ಮೇಲೆ ಚರ್ಚೆ ಮುಂದುವರಿಯಲಿಲ್ಲ.

ಇಷ್ಟಾದರೂ ಪಟ್ಟಿ ಮಾಡುವುದನ್ನು ಬಿಡಲಾರೆ. ಈ ಸಲ ಮಾತ್ರ ಓದುವವನ ಪರವಾಗಿ ಸ್ವಲ್ಪ ವಾದಿಸಿದ್ದೇನೆ. ಕವನ ಸಂಕಲನವನ್ನು ಪುಟದ ಲೆಕ್ಕದಿಂದ ಹೊರಗಿಟ್ಟೆ. ದಿನಕ್ಕೆ 72 ಪುಟದ ವೇಗದಲ್ಲಿ ಅದು ಒಂದೂವರೆ ದಿನವೂ ಹಿಡಿಯದ ಕೆಲಸವಾಗುತ್ತದೆ, ಹಾಗೆ ಓದಿದ ಕವಿತೆ ಕಣ್ಣನ್ನು ದಾಟಿ ಒಳಗಿಳಿಯುವುದಿಲ್ಲ. ಪತ್ತೇದಾರಿ ಕಾದಂಬರಿಯನ್ನೂ ಹೊರಗಿಟ್ಟೆ. ಅದು ಯಾವ ಯೋಜನೆಗೂ ಕಾಯುವುದಿಲ್ಲ, ಹಿಡಿದ ರಾತ್ರಿಯೇ ಮುಗಿಸಿಕೊಂಡು ಮರುದಿನದ ಬೆಳಗನ್ನೂ ನುಂಗುತ್ತದೆ. ಜೀವನಚರಿತ್ರೆಯನ್ನು ಎರಡನೆಯ ವಾರಕ್ಕೆ ಹಾಕಿದ್ದೇನೆ, ಸ್ವಲ್ಪ ಅಳುಕಿನಿಂದಲೇ. ಈ ಜಾತಿಯ ಪುಸ್ತಕಗಳಲ್ಲಿ ನಾಯಕರು ತಮ್ಮ ಅಜ್ಜಂದಿರ ಕಥೆ ಮುಗಿದು ತೊಟ್ಟಿಲಿಗೆ ಬರುವಷ್ಟರಲ್ಲಿ ಐವತ್ತು ಪುಟ ಕಳೆದಿರುತ್ತವೆ. ಇತಿಹಾಸಕ್ಕೆ ಮೊದಲ ತಾರೀಕಿನಿಂದಲೇ ಶುರು, ದಿನಕ್ಕೆ ಇಪ್ಪತ್ತು ಪುಟ, ಮೇಜಿನ ಮೇಲೆ, ಬೆನ್ನು ನೆಟ್ಟಗಿಟ್ಟುಕೊಂಡು. ಇರುವೆಗಳು ತಾವಾಗಿಯೇ ದಾರಿ ಮಾಡಿಕೊಳ್ಳಲಿ.

ಹಳೆಯ ಪ್ರವಾಸಕಥನವನ್ನು ಪಟ್ಟಿಯ ಕೊನೆಗೆ ಬರೆದು, ‘ಸಮಯವಿದ್ದರೆ’ ಎಂದು ಸೇರಿಸಿದ್ದೆ. ಮೊನ್ನೆ ರಾತ್ರಿ ಅದನ್ನು ಸುಮ್ಮನೆ ತೆರೆದು ನೋಡಿದಾಗ ಹಿಂದಿನ ಓದುಗರೊಬ್ಬರ ಪೆನ್ಸಿಲ್ ಗುರುತುಗಳು ಕಂಡವು. ಮೊದಲ ಪುಟಗಳಲ್ಲಿ ಸ್ಕೇಲ್ ಇಟ್ಟು ಎಳೆದ ನೇರವಾದ ಗೆರೆಗಳು. ಊರುಗಳ ಹೆಸರಿನ ಕೆಳಗೆ, ಅಂತರಗಳ ಕೆಳಗೆ, ಅಲ್ಲಲ್ಲಿ ಅಂಚಿನಲ್ಲಿ ‘ನೋಡಬೇಕು’ ಎಂಬ ಪುಟ್ಟ ಬರಹ. ಮೂವತ್ತನೆಯ ಪುಟದ ಹೊತ್ತಿಗೆ ಸ್ಕೇಲ್ ಎಲ್ಲೋ ಕಳೆದುಹೋಗಿದೆ, ಗೆರೆಗಳು ತೂಗಾಡುತ್ತವೆ. ನಲವತ್ತರಾಚೆ ಅಂಚಿನಲ್ಲಿ ಬರೀ ಅಡ್ಡಗೀಟುಗಳು. 64ನೆಯ ಪುಟದಲ್ಲಿ, ಪ್ರವಾಸಿ ಹೊಳೆಯ ದಡದಲ್ಲಿ ಗಂಟುಮೂಟೆಗಳ ಸಮೇತ ಕುಳಿತು ದೋಣಿಗಾಗಿ ಕಾಯುತ್ತಿರುವಲ್ಲಿ, ಕೊನೆಯ ಗೀಟು. ಅಲ್ಲಿಂದ ಮುಂದಕ್ಕೆ 288 ಪುಟ, ಒಂದು ಗುರುತೂ ಇಲ್ಲ; ಕೆಲವು ಹಾಳೆಗಳು ಈಗಷ್ಟೇ ಅಚ್ಚಾದಂತೆ ಒಂದಕ್ಕೊಂದು ಅಂಟಿಕೊಂಡಿವೆ. ಅವರ ತಿಂಗಳು ಅಲ್ಲಿಗೆ ಮುಗಿದಿರಬೇಕು, ಅಥವಾ ಹೊಸ ಪುಸ್ತಕ ಬಂದಿರಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎನ್ನುವುದು ರಂಗನಾಥನ್ ಅವರ ಮೂರನೆಯ ಸೂತ್ರ. ಈ ಪುಸ್ತಕಕ್ಕೆ ಮೊದಲ 64 ಪುಟಗಳಿಗೊಬ್ಬರು ಸಿಕ್ಕಿದ್ದರು, ಉಳಿದವು ಇನ್ನೂ ಕಾಯುತ್ತಿವೆ.

ತಿಂಗಳು ಹುಟ್ಟಲು ಇನ್ನೂ ಮೂರು ದಿನವಿದೆ. ಸಮುದ್ರ ವ್ಯಾಪಾರದ ಇತಿಹಾಸ ಮೇಜಿನ ಮೇಲೆ ಸಿದ್ಧವಾಗಿದೆ, ಅದರೊಳಗೆ ಹೊಸ ಪುಟಗುರುತನ್ನೂ ಇಟ್ಟಾಗಿದೆ. ಕೊಳ್ಳುವವನಿಗೆ ತಿಳಿಯದ ಹಾಗೆ, ದೀಪದ ಬೆಳಕನ್ನು ತಗ್ಗಿಸಿಕೊಂಡು, ನಿನ್ನೆ ರಾತ್ರಿ ನಾನು 61ನೆಯ ಪುಟಕ್ಕೆ ಬಂದಿದ್ದೇನೆ. ಪ್ರವಾಸಿ ಹೊಳೆಯನ್ನು ಮುಟ್ಟಿದ್ದಾನೆ. ದೋಣಿ ಇನ್ನೂ ಆಚೆಯ ದಡದಲ್ಲಿದೆ.